ಸಾಗರ ಸಿಗುತ್ತದೆ, ತೀರ್ಥಹಳ್ಳಿ ಸಿಗುವುದಿಲ್ಲ: ಸರ್ಚ್ ಎಪಿಐ ಸ್ಪೆಕ್‌ನಲ್ಲಿ ದೋಷ ಹುಡುಕುವ ಕೈಪಿಡಿ

ಸರ್ವರ್ ಓಡುತ್ತಿದೆ. ಎಪಿಐ (ಒಂದು ಪ್ರೋಗ್ರಾಮ್ ಇನ್ನೊಂದನ್ನು ಕೇಳುವ ದಾರಿ) ವಿವರಿಸುವ ಸ್ಪೆಕ್ ಫೈಲ್ ಲಿಂಟರ್ ಅನ್ನುವ ತಪ್ಪು ಹುಡುಕುವ ಸಾಧನದಲ್ಲಿ ಪಾಸಾಗಿದೆ. ಸರ್ವರನ್ನು ಕೇಳುವ ಕ್ಲೈಂಟ್ ಕೋಡ್ ನಾವು ಕೈಯಲ್ಲಿ ಬರೆದದ್ದಲ್ಲ, ಸ್ಪೆಕ್‌ನಿಂದಲೇ ತಯಾರಾದದ್ದು. ಆದರೂ ಆ್ಯಪ್ ಬೀಳುತ್ತದೆ, ಇಲ್ಲವೇ ತಪ್ಪು ಉತ್ತರ ತೋರಿಸುತ್ತದೆ. ಅಂಥ ಹೊತ್ತಿನಲ್ಲಿ ಎಲ್ಲಿಂದ ಹುಡುಕಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ನಾನು ಸಾಗರದ ಮನೆಯಿಂದ ಕೆಲಸ ಮಾಡುತ್ತೇನೆ. ನನ್ನ ಜೊತೆ ಕೆಲಸ ಮಾಡುವವರು ಶಿವಮೊಗ್ಗದಲ್ಲಿ ಇದ್ದಾರೆ. ನಾವಿಬ್ಬರೂ ಸೇರಿ ಅಡಿಕೆ ಬೆಳೆಗಾರರಿಗಾಗಿ ಒಂದು ಹುಡುಕುವ ಸೇವೆ ಕಟ್ಟಿದ್ದೇವೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ ಅಂತ ಅಡಿಕೆಯ ಬಗೆಯ ಹೆಸರು ಹಾಕಿದರೆ ಮಾರುಕಟ್ಟೆಯ ಧಾರಣೆ ಬರಬೇಕು. ಕೊಳೆ ಅಂತ ರೋಗದ ಹೆಸರು ಹಾಕಿದರೆ ಬೋರ್ಡೋ ದ್ರಾವಣ ಹೊಡೆಯುವ ವಿವರ ಬರಬೇಕು. ಹಿಂದೆ ಇರುವ ಎಂಜಿನ್ ಓಪನ್‌ಸರ್ಚ್. ಇದು 2021ರಲ್ಲಿ ಎಲಾಸ್ಟಿಕ್‌ಸರ್ಚ್‌ನಿಂದ ಕವಲೊಡೆದದ್ದು. ಎರಡರ ಒಳಗೂ ಲೂಸೀನ್ ಅನ್ನುವ ಹುಡುಕುವ ಲೈಬ್ರರಿ ಇದೆ. ಹಾಗಾಗಿ ಇಲ್ಲಿ ಹೇಳುವ ಬಹುತೇಕ ಮಾತು ಎರಡಕ್ಕೂ ಹೊಂದುತ್ತದೆ.

ಸ್ಪೆಕ್ ಅಂದರೆ ಇಲ್ಲಿ ಓಪನ್‌ಎಪಿಐ ಫೈಲ್. ಯಾವ ವಿಳಾಸಕ್ಕೆ ಏನು ಕಳಿಸಬೇಕು, ಏನು ವಾಪಸ್ ಬರುತ್ತದೆ ಅನ್ನುವುದನ್ನು ಯಂತ್ರ ಓದುವ ಹಾಗೆ ಬರೆದಿಟ್ಟದ್ದು. ಮೊದಲು ಇದರ ಹೆಸರು ಸ್ವ್ಯಾಗರ್. 2015ರಲ್ಲಿ ಲಿನಕ್ಸ್ ಫೌಂಡೇಶನ್ ಕೆಳಗೆ ಬಂತು. 3.0 ಆವೃತ್ತಿ ಬಂದದ್ದು 2017ರಲ್ಲಿ, 3.1 ಬಂದದ್ದು 2021ರಲ್ಲಿ. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ. ಕೆಳಗಿನ ಕೆಲವು ದೋಷಗಳ ಬೇರು ಇರುವುದೇ ಇವೆರಡರ ವ್ಯತ್ಯಾಸದಲ್ಲಿ.

ಮೊದಲು ಕ್ಲೈಂಟನ್ನು ಬದಿಗಿಡಿ

ದೋಷ ಕಂಡ ಕೂಡಲೇ ಸ್ಪೆಕ್ ತೆರೆದು ತಿದ್ದಲು ಹೋಗಬೇಡಿ. ನಾವು ಹಾಗೆ ಮಾಡಿಯೇ ಎರಡು ದಿನ ಕಳೆದುಕೊಂಡೆವು. ಕರ್ಲ್ (ಕಮಾಂಡ್ ಸಾಲಿನಿಂದ ಕೋರಿಕೆ ಕಳಿಸುವ ಸಾಧನ) ತೆಗೆದುಕೊಂಡು ಅದೇ ಕೋರಿಕೆಯನ್ನು ನೇರವಾಗಿ ಎಂಜಿನ್‌ಗೆ ಕಳಿಸಿ. ಬಂದ ಉತ್ತರವನ್ನು ಹೆಡರ್ ಸಮೇತ ಒಂದು ಫೈಲಿಗೆ ಉಳಿಸಿ. ಆಮೇಲೆ ಕ್ಲೈಂಟ್ ನಿಜವಾಗಿ ಏನು ಕಳಿಸಿತು ಅನ್ನುವುದನ್ನೂ ಹಿಡಿಯಿರಿ. ನಡುವೆ ಹೋಗಿಬರುವುದನ್ನು ದಾಖಲಿಸುವ ಒಂದು ಪ್ರಾಕ್ಸಿ ಇಟ್ಟರೆ ಸಾಕು. ಈಗ ನಿಮ್ಮ ಮುಂದೆ ಮೂರು ಕಾಗದ ಇವೆ: ಸ್ಪೆಕ್ ಹೇಳಿದ್ದು, ಕ್ಲೈಂಟ್ ಕಳಿಸಿದ್ದು, ಎಂಜಿನ್ ಕೊಟ್ಟದ್ದು. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಯಾವ ಎರಡು ಒಂದಕ್ಕೊಂದು ಹೊಂದುತ್ತಿಲ್ಲವೋ ದೋಷ ಅಲ್ಲೇ ಇರುತ್ತದೆ.

ಲಿಂಟರ್ ಪಾಸಾಯಿತು ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಅದು ನೋಡುವುದು ಸ್ಪೆಕ್‌ನ ವ್ಯಾಕರಣವನ್ನು. ವ್ಯಾಕರಣ ಸರಿಯಿರುವ ಸುಳ್ಳು ವಾಕ್ಯವನ್ನು ಅದು ಹಿಡಿಯಲಾರದು.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಏನೇ ಕೆಟ್ಟರೂ ನಮ್ಮ ಮೊದಲ ಸಂದೇಹ ಲೈನ್ ಮೇಲೆ. ಕರೆಂಟ್ ಹೋಗುತ್ತದೆ, ನೆಟ್ ಹೋಗುತ್ತದೆ, ಮರ ಬಿದ್ದು ಕೇಬಲ್ ಹರಿಯುತ್ತದೆ. ಆ ಸಂದೇಹ ಎಷ್ಟೋ ಸಲ ಸರಿಯೇ. ಆದರೆ ಸ್ಪೆಕ್‌ನ ದೋಷ ಅದರ ಮರೆಯಲ್ಲಿ ತಿಂಗಳುಗಟ್ಟಲೆ ಅಡಗಿ ಕೂರುತ್ತದೆ. ಬೇರ್ಪಡಿಸುವುದಕ್ಕೆ ನಾನು ಒಂದು ಸುಲಭ ಪರೀಕ್ಷೆ ಮಾಡುತ್ತೇನೆ. ಒಂದೇ ಹುಡುಕಾಟವನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹತ್ತತ್ತು ಸಲ ಓಡಿಸಿ. ದೋಷ ಹೊತ್ತಿನ ಜೊತೆ ಬಂದು ಹೋಗುತ್ತಿದ್ದರೆ ಲೈನ್ ನೋಡಿ. ಹೊತ್ತು ಯಾವುದಾದರೂ ಅದೇ ಪದಕ್ಕೆ, ಅದೇ ಊರಿಗೆ, ಅದೇ ಬಟನ್‌ಗೆ ಬೀಳುತ್ತಿದ್ದರೆ ಸ್ಪೆಕ್ ನೋಡಿ. ಉತ್ತರದಲ್ಲಿ ‘ಟೈಮ್ಡ್ ಔಟ್’ ಅನ್ನುವ ಕಿಂಡಿ (ಫೀಲ್ಡ್) ಹೌದು (ಟ್ರೂ) ಅಂತ ಇದೆಯಾ, ‘ಶಾರ್ಡ್ಸ್’ (ದಾಖಲೆಗಳನ್ನು ಹಂಚಿಟ್ಟ ತುಂಡುಗಳು) ಕೆಳಗೆ ‘ಫೇಲ್ಡ್’ ಸೊನ್ನೆಗಿಂತ ಜಾಸ್ತಿ ಇದೆಯಾ ಅಂತಲೂ ನೋಡಿ. ಅಂಥ ಉತ್ತರವೂ ‘ಎಲ್ಲ ಸರಿ’ ಅಂತ ಹೇಳುವ 200 ಅನ್ನುವ ಸಂಕೇತದ ಜೊತೆಗೇ ಬರಬಹುದು. ಒಳಗೆ ಅರ್ಧ ಫಲಿತಾಂಶ ಮಾತ್ರ ಇರುತ್ತದೆ.

ಏನು ಹುಡುಕಿದರೂ ಅದೇ ಹತ್ತು ಉತ್ತರ

ಒಬ್ಬ ಬೆಳೆಗಾರರು ಫೋನ್ ಮಾಡಿ ಹೇಳಿದರು: “ಮಾರಾಯ್ರೆ, ಚಾಲಿ ಅಂದ್ರೂ ಅದೇ ಬರುತ್ತೆ, ಕೊಳೆ ಅಂದ್ರೂ ಅದೇ ಬರುತ್ತೆ. ನಿಮ್ಮದು ಕೇಳಿಸಿಕೊಳ್ತಾ ಇದೆಯಾ?” ಅವರು ಹೇಳಿದ್ದು ಅಕ್ಷರಶಃ ನಿಜ. ಎಂಜಿನ್‌ಗೆ ಪ್ರಶ್ನೆಯೇ ತಲುಪುತ್ತಿರಲಿಲ್ಲ.

ಈ ಎಂಜಿನ್‌ಗಳು ಗೆಟ್ (ಮಾಹಿತಿ ತರಿಸುವ) ಕೋರಿಕೆಯ ಜೊತೆಗೂ ಬಾಡಿಯನ್ನು, ಅಂದರೆ ವಿಳಾಸದ ಜೊತೆ ಕಳಿಸುವ ಒಳಗಿನ ಮಾಹಿತಿಯನ್ನು, ತೆಗೆದುಕೊಳ್ಳುತ್ತವೆ. ಹುಡುಕುವ ಪ್ರಶ್ನೆ ಇರುವುದೇ ಆ ಬಾಡಿಯಲ್ಲಿ. ಎಂಜಿನ್‌ನ ಕೈಪಿಡಿಯ ಉದಾಹರಣೆಗಳಲ್ಲಿ ಗೆಟ್ ಅಂತ ಇದ್ದದ್ದನ್ನು ನೋಡಿ ನಾವೂ ಸ್ಪೆಕ್‌ನಲ್ಲಿ ಗೆಟ್ ಅಂತಲೇ ಬರೆದೆವು. ಆದರೆ ಗೆಟ್ ಜೊತೆಗಿನ ಬಾಡಿಗೆ ಎಚ್‌ಟಿಟಿಪಿ ನಿಯಮದಲ್ಲಿ ಗೊತ್ತಾದ ಅರ್ಥ ಇಲ್ಲ. ಅದಕ್ಕೇ ಓಪನ್‌ಎಪಿಐ 3.0 ಅಂಥ ಬಾಡಿಯನ್ನು ಕಡೆಗಣಿಸಬೇಕು ಅನ್ನುತ್ತದೆ. 3.1 ಬರೆಯಲು ಬಿಡುತ್ತದೆ, ಆದರೆ ಆದಷ್ಟು ಬೇಡ ಅನ್ನುತ್ತದೆ. ನಮ್ಮ ಕೋಡ್ ತಯಾರಿಸುವ ಸಾಧನ ನಿಯಮದ ಪ್ರಕಾರವೇ ನಡೆದುಕೊಂಡು ಬಾಡಿಯನ್ನು ಬಿಟ್ಟುಬಿಟ್ಟಿತು. ಬಾಡಿ ಇಲ್ಲದ ಹುಡುಕಾಟ ಅಂದರೆ ಎಂಜಿನ್‌ಗೆ ‘ಎಲ್ಲವನ್ನೂ ಕೊಡು’ ಅಂತ ಅರ್ಥ. ಎಷ್ಟು ಬೇಕು ಅಂತ ಹೇಳದಿದ್ದರೆ ಅದು ಕೊಡುವುದು 10. ಹಾಗಾಗಿ ಯಾವಾಗಲೂ ಅದೇ ಹತ್ತು.

ಪರಿಹಾರ ಸಣ್ಣದು. ಅದೇ ವಿಳಾಸಕ್ಕೆ ಪೋಸ್ಟ್ (ಮಾಹಿತಿ ಕಳಿಸುವ) ಕೋರಿಕೆ ಕೂಡ ನಡೆಯುತ್ತದೆ. ಸ್ಪೆಕ್‌ನಲ್ಲಿ ಪೋಸ್ಟ್ ಮಾತ್ರ ಬರೆಯಿರಿ. ಬ್ರೌಸರ್‌ನಲ್ಲಿ ಓಡುವ ಕ್ಲೈಂಟ್ ಇದ್ದರಂತೂ ಬೇರೆ ದಾರಿಯೇ ಇಲ್ಲ. ಅಲ್ಲಿ ಕೋರಿಕೆ ಕಳಿಸುವ ಫೆಚ್ ಅನ್ನುವ ಫಂಕ್ಷನ್‌ನಲ್ಲಿ ಗೆಟ್ ಜೊತೆ ಬಾಡಿ ಇಟ್ಟರೆ ಕೋರಿಕೆ ಹೊರಡುವ ಮೊದಲೇ ತಪ್ಪು ಅಂತ ನಿಲ್ಲುತ್ತದೆ.

ಹೊಸ ಧಾರಣೆ ಮೊದಲು ಬರಲಿ ಅಂದ ಕೂಡಲೇ ಆ್ಯಪ್ ಬಿತ್ತು

ಮಾಮೂಲಿ ಹುಡುಕಾಟ ಚೆನ್ನಾಗಿತ್ತು. ದಿನಾಂಕದ ಪ್ರಕಾರ ಜೋಡಿಸುವ ಬಟನ್ ಒತ್ತಿದರೆ ಮಾತ್ರ ಆ್ಯಪ್ ಬೀಳುತ್ತಿತ್ತು. ಮೇಲೆ ಹೇಳಿದ ಪರೀಕ್ಷೆ ಇಲ್ಲಿ ತಕ್ಷಣ ಕೆಲಸ ಮಾಡಿತು. ಹೊತ್ತಿಗೂ ಇದಕ್ಕೂ ಸಂಬಂಧ ಇಲ್ಲ, ಬಟನ್‌ಗೆ ಸಂಬಂಧ ಇದೆ. ಎರಡು ಉತ್ತರಗಳನ್ನು ಉಳಿಸಿ ಹೋಲಿಸಿದೆವು. ಜೋಡಿಸದ ಉತ್ತರದಲ್ಲಿ ‘ಮ್ಯಾಕ್ಸ್ ಸ್ಕೋರ್’ ಒಂದು ಸಂಖ್ಯೆ. ಜೋಡಿಸಿದ ಉತ್ತರದಲ್ಲಿ ಅದು ನಲ್, ಅಂದರೆ ಖಾಲಿ.

ಕಾರಣ ಇದೆ. ಸ್ಕೋರ್ ಅಂದರೆ ಹುಡುಕಿದ ಪದಕ್ಕೆ ಒಂದು ದಾಖಲೆ ಎಷ್ಟು ಹೊಂದುತ್ತದೆ ಅನ್ನುವ ಅಂಕ. ದಿನಾಂಕದ ಪ್ರಕಾರ ಜೋಡಿಸಿ ಅಂದ ಮೇಲೆ ಆ ಅಂಕ ಬೇಕಿಲ್ಲ. ಎಂಜಿನ್ ಅದನ್ನು ಲೆಕ್ಕ ಹಾಕುವುದೇ ಇಲ್ಲ. ಒಂದೊಂದು ದಾಖಲೆಯ ಸ್ಕೋರ್ ಕೂಡ ನಲ್ ಆಗುತ್ತದೆ. ಏನೂ ಸಿಗದಿದ್ದಾಗಲೂ ಮ್ಯಾಕ್ಸ್ ಸ್ಕೋರ್ ನಲ್. ನಾವು ಒಂದು ಒಳ್ಳೆಯ ಉತ್ತರ ನೋಡಿ ‘ಇದು ಸಂಖ್ಯೆ’ ಅಂತ ಬರೆದುಬಿಟ್ಟಿದ್ದೆವು. ಸ್ಪೆಕ್ ಬರೆಯುವವರು ತೀರಾ ಸುಲಭವಾಗಿ ಮಾಡುವ ತಪ್ಪು ಇದೇ ಅಂತ ನನಗೆ ಅನ್ನಿಸುತ್ತದೆ. ಚೆನ್ನಾಗಿ ಬಂದ ಒಂದು ಉತ್ತರವನ್ನೇ ಎಲ್ಲ ಉತ್ತರಗಳ ಮಾದರಿ ಮಾಡಿಕೊಳ್ಳುವುದು.

ತಿದ್ದುವಾಗ ಆವೃತ್ತಿ ನೋಡಿ. 3.0 ಆದರೆ ‘ನಲೆಬಲ್’ ಅನ್ನುವ ಗುರುತು ಹಾಕಬೇಕು. 3.1 ಆದರೆ ಆ ಪದವೇ ಇಲ್ಲ. ಅಲ್ಲಿ ಬಗೆಯನ್ನು (ಟೈಪ್) ಪಟ್ಟಿಯಾಗಿ ಕೊಡಬೇಕು: ಸಂಖ್ಯೆ, ನಲ್. ಫೈಲಿನ ತಲೆಯಲ್ಲಿ 3.1 ಅಂತ ಬರೆದು ಒಳಗೆ ನಲೆಬಲ್ ಬಿಟ್ಟಿದ್ದರೆ ಎಷ್ಟೋ ಸಾಧನಗಳು ತುಟಿ ಬಿಚ್ಚದೆ ಅದನ್ನು ದಾಟಿ ಹೋಗುತ್ತವೆ. 3.0ದಲ್ಲಿ ಇನ್ನೊಂದು ಗುಂಡಿ ಇದೆ. ಬೇರೆ ಕಡೆ ಬರೆದಿಟ್ಟ ಸ್ಕೀಮಾವನ್ನು (ಮಾಹಿತಿಯ ಆಕಾರದ ವಿವರಣೆ) ರೆಫ್ ಅನ್ನುವ ಕೊಂಡಿಯ ಮೂಲಕ ಕರೆದ ಜಾಗದಲ್ಲಿ, ಪಕ್ಕದಲ್ಲಿ ನಲೆಬಲ್ ಬರೆದರೆ ಅದಕ್ಕೆ ಬೆಲೆ ಇಲ್ಲ. ರೆಫ್ ಪಕ್ಕದ ಮಾತುಗಳನ್ನೆಲ್ಲ ಕಡೆಗಣಿಸಬೇಕು ಅಂತಲೇ ನಿಯಮ. ಅಂಥ ಕಡೆ ಬಗೆಯನ್ನು ಅಲ್ಲೇ ನೇರವಾಗಿ ಬರೆಯಿರಿ. ಎನಮ್, ಅಂದರೆ ಇವಿಷ್ಟೇ ಬರಬಹುದು ಅನ್ನುವ ಪಟ್ಟಿ ಇದ್ದರೆ ನಲ್ ಅನ್ನು ಪಟ್ಟಿಯೊಳಗೂ ಸೇರಿಸಬೇಕು. ಮೇಲೆ ಗುರುತು ಹಾಕಿದ್ದು ಸಾಲದು.

‘ನಲ್ ಆಗಬಹುದು’ ಮತ್ತು ‘ಇಲ್ಲದೇ ಇರಬಹುದು’ ಇವೆರಡನ್ನೂ ಒಂದೇ ಅಂತ ತಿಳಿಯಬೇಡಿ. ಧಾರಣೆ ಪಟ್ಟಿ ನೆನೆಸಿಕೊಳ್ಳಿ. ಗೊರಬಲು ಅಂತ ಸಾಲು ಇದ್ದು, ಮುಂದೆ ಖಾಲಿ ಬಿಟ್ಟರೆ ಅದು ಒಂದು ಸುದ್ದಿ: ಇವತ್ತು ಆ ಮಾಲು ಬಂದಿಲ್ಲ. ಗೊರಬಲು ಅನ್ನುವ ಸಾಲೇ ಇಲ್ಲದಿದ್ದರೆ ಅದು ಬೇರೆ ಸುದ್ದಿ: ಈ ಪೇಟೆಯಲ್ಲಿ ಆ ಬಗೆ ಬರೆಯುವುದೇ ಇಲ್ಲ. ಸ್ಪೆಕ್‌ನಲ್ಲಿ ಮೊದಲನೆಯದಕ್ಕೆ ನಲ್, ಎರಡನೆಯದಕ್ಕೆ ‘ರಿಕ್ವೈರ್ಡ್’ (ಕಡ್ಡಾಯ) ಪಟ್ಟಿಯಿಂದ ಹೆಸರು ತೆಗೆಯುವುದು.

ಈ ಎರಡನೆಯದಕ್ಕೆ ಒಳ್ಳೆ ಉದಾಹರಣೆ ‘ಟೋಟಲ್’, ಅಂದರೆ ಒಟ್ಟು ಎಷ್ಟು ದಾಖಲೆ ಸಿಕ್ಕವು ಅನ್ನುವ ಕಿಂಡಿ. ಎಲಾಸ್ಟಿಕ್‌ಸರ್ಚ್ 7.0 ಬರುವ ತನಕ, ಅಂದರೆ 2019ರ ತನಕ, ಅದು ಬರೀ ಒಂದು ಸಂಖ್ಯೆ. ಆಮೇಲೆ ಅದು ಒಳಗೆ ಎರಡು ಕಿಂಡಿ ಇರುವ ವಸ್ತು ಆಯಿತು: ಎಣಿಕೆ (ವ್ಯಾಲ್ಯೂ) ಒಂದು, ಸಂಬಂಧ (ರಿಲೇಶನ್) ಇನ್ನೊಂದು. ಎಷ್ಟೇ ದಾಖಲೆ ಇದ್ದರೂ ಆ್ಯಪ್ 10,000 ಅಂತಲೇ ತೋರಿಸುತ್ತಿದ್ದರೆ ಆ ಸಂಬಂಧದ ಕಿಂಡಿ ನೋಡಿ. ‘ಇಷ್ಟು ಅಥವಾ ಇದಕ್ಕಿಂತ ಜಾಸ್ತಿ’ ಅಂತ ಇರುತ್ತದೆ. ಎಂಜಿನ್ ತಾನಾಗಿ ಅಷ್ಟರ ತನಕ ಮಾತ್ರ ಸರಿಯಾಗಿ ಎಣಿಸುತ್ತದೆ. ಪೂರ್ತಿ ಎಣಿಕೆ ಬೇಕಾದರೆ ‘ಟ್ರ್ಯಾಕ್ ಟೋಟಲ್ ಹಿಟ್ಸ್’ ಅನ್ನು ಹೌದು ಮಾಡಿ ಕೇಳಬೇಕು. ಅದನ್ನೇ ಬೇಡ ಅಂತ ಕಳಿಸಿದರೆ ಉತ್ತರದಲ್ಲಿ ಟೋಟಲ್ ಇರುವುದೇ ಇಲ್ಲ. ಸ್ಪೆಕ್ ಅದನ್ನು ಕಡ್ಡಾಯ ಅಂತ ಹೇಳಿದ್ದರೆ ಕ್ಲೈಂಟ್ ಅಲ್ಲೇ ಬಿದ್ದುಹೋಗುತ್ತದೆ.

200 ಬಂತು, ಆದರೆ ಧಾರಣೆ ಸೇರಲಿಲ್ಲ

ಇದು ನನ್ನನ್ನು ಬಹಳ ನೋಯಿಸಿದ ದೋಷ. ಬೇರೆ ದೋಷಗಳಲ್ಲಿ ಆ್ಯಪ್ ಬೀಳುತ್ತದೆ, ಗೊತ್ತಾಗುತ್ತದೆ. ಇಲ್ಲಿ ಏನೂ ಬೀಳುವುದಿಲ್ಲ. ಬೆಳೆಗಾರರು ಹಳೆಯ ಧಾರಣೆ ನೋಡಿ ಮಾಲು ಕೊಡಬೇಕೋ ಇಟ್ಟುಕೊಳ್ಳಬೇಕೋ ಅಂತ ತೀರ್ಮಾನ ಮಾಡುತ್ತಾರೆ.

ಒಟ್ಟಿಗೆ ತುಂಬಾ ದಾಖಲೆ ಹಾಕಲು ‘ಬಲ್ಕ್’ ಅನ್ನುವ ವಿಳಾಸ ಇದೆ. ಅದಕ್ಕೆ ಕಳಿಸಬೇಕಾದದ್ದು ಸಾದಾ ಜೇಸನ್ (ಇಂಥ ಎಪಿಐಗಳು ಮಾಹಿತಿ ಬರೆಯುವ ರೂಪ) ಅಲ್ಲ. ಒಂದು ಸಾಲಿಗೆ ಒಂದು ಜೇಸನ್, ಸಾಲು ಸಾಲಾಗಿ. ಒಂದು ಸಾಲಿನಲ್ಲಿ ಏನು ಮಾಡಬೇಕು ಅನ್ನುವುದು, ಮುಂದಿನ ಸಾಲಿನಲ್ಲಿ ದಾಖಲೆ. ಕೊನೆಯ ಸಾಲಿನ ಆಚೆಗೂ ಒಂದು ಹೊಸ ಸಾಲಿನ ಗುರುತು ಇರಲೇಬೇಕು. ಇಲ್ಲದಿದ್ದರೆ ಇಡೀ ಕಂತೆ ವಾಪಸ್. ನಾವು ಸ್ಪೆಕ್‌ನಲ್ಲಿ ಇದನ್ನು ವಸ್ತುಗಳ ಪಟ್ಟಿ ಅಂತ ಬರೆದಿದ್ದೆವು. ಕ್ಲೈಂಟ್ ಚೌಕ ಕಂಸ ಹಾಕಿ ಕಳಿಸಿತು. ಕೋರಿಕೆ ತಪ್ಪು ಅನ್ನುವ 400 ಸಂಕೇತ ಬಂತು. ಇಷ್ಟು ಸುಲಭವಾಗಿ ಸಿಕ್ಕಿತು.

3.0 ಮತ್ತು 3.1ರಲ್ಲಿ ಇಂಥ ಸಾಲುಗಳನ್ನು ಒಂದೊಂದಾಗಿ ವಿವರಿಸುವ ಸರಿಯಾದ ದಾರಿ ಇಲ್ಲ. 2025ರಲ್ಲಿ ಬಂದ 3.2ರಲ್ಲಿ ಅದಕ್ಕೆ ಅಂತಲೇ ಜಾಗ ಮಾಡಿದ್ದಾರೆ. ನಿಮ್ಮ ಸಾಧನಗಳು ಇನ್ನೂ ಅಲ್ಲಿಗೆ ಬಂದಿಲ್ಲವಾದರೆ ನನ್ನ ಸಲಹೆ ಇದು: ಸ್ಪೆಕ್‌ನಲ್ಲಿ ಬಾಡಿಯನ್ನು ಬರೀ ಪಠ್ಯ ಅಂತ ಹೇಳಿ, ಮೀಡಿಯಾ ಟೈಪ್ (ಮಾಹಿತಿಯ ರೂಪ) ಜಾಗದಲ್ಲಿ ಎನ್‌ಡಿಜೇಸನ್ (ಸಾಲಿಗೊಂದು ಜೇಸನ್) ಅಂತ ಸ್ಪಷ್ಟವಾಗಿ ಬರೆಯಿರಿ, ಸಾಲು ಜೋಡಿಸುವ ಕೆಲಸಕ್ಕೆ ಕೈಯಲ್ಲೇ ಒಂದು ಸಣ್ಣ ಫಂಕ್ಷನ್ ಬರೆಯಿರಿ. ಎಲ್ಲವನ್ನೂ ಸ್ಪೆಕ್ ಮಾಡಲಿ ಅಂತ ಹಟ ಹಿಡಿಯಬೇಡಿ.

ನಿಜವಾದ ತೊಂದರೆ ಆಮೇಲೆ ಶುರುವಾಯಿತು. ಕಳಿಸಿದ ನೂರು ದಾಖಲೆಗಳಲ್ಲಿ ನಾಲ್ಕು ಸೇರದಿದ್ದರೂ ಬಲ್ಕ್ 200 ಅಂತಲೇ ಹೇಳುತ್ತದೆ. ಉತ್ತರದ ಮೇಲ್ಭಾಗದಲ್ಲಿ ‘ಎರರ್ಸ್’ ಅನ್ನುವ ಒಂದು ಕಿಂಡಿ ಇದೆ. ಅದು ಹೌದು ಅಂತ ಇದ್ದರೆ ಒಳಗೆ ಹೋಗಿ ಒಂದೊಂದರ ಸ್ಥಿತಿ ನೋಡಬೇಕು. ನಮ್ಮ ಸ್ಪೆಕ್‌ನಲ್ಲಿ 200ಕ್ಕೆ ಉತ್ತರದ ಆಕಾರವನ್ನೇ ಬರೆದಿರಲಿಲ್ಲ. ‘ಸರಿ’ ಅಂತ ಒಂದು ವಿವರಣೆ ಮಾತ್ರ ಇತ್ತು. ಹಾಗಾಗಿ ಕ್ಲೈಂಟ್ ಒಳಗೆ ನೋಡುವುದೇ ಇಲ್ಲ. ಸೇರದ ದಾಖಲೆಗಳಲ್ಲಿ ಬೆಲೆಯನ್ನು ಅಲ್ಪವಿರಾಮ ಹಾಕಿ ಪಠ್ಯವಾಗಿ ಬರೆದಿದ್ದರು. ಸಂಖ್ಯೆ ಇರಬೇಕಾದ ಕಡೆ ಎಂಜಿನ್ ಅದನ್ನು ಒಪ್ಪಲಿಲ್ಲ.

ಸ್ಪೆಕ್‌ನಲ್ಲಿ ‘ಎರರ್ಸ್’ ಮತ್ತು ‘ಐಟಮ್ಸ್’ ಎರಡನ್ನೂ ಕಡ್ಡಾಯ ಅಂತ ಬರೆಯಿರಿ. ಪ್ರತಿ ಐಟಮ್ ಒಂದೇ ಕೀಲಿ ಇರುವ ವಸ್ತು. ಆ ಕೀಲಿ ಇಂಡೆಕ್ಸ್, ಕ್ರಿಯೇಟ್, ಅಪ್‌ಡೇಟ್, ಡಿಲೀಟ್ ಇವುಗಳಲ್ಲಿ ಒಂದು. ಒಳಗೆ ಅದರದ್ದೇ ಸ್ಥಿತಿ ಸಂಕೇತ, ದೋಷ ಇದ್ದರೆ ಅದರ ಕಾರಣ. ಈ ಆಕಾರವನ್ನು ಬರೆದರೆ ಕ್ಲೈಂಟ್ ಬರೆಯುವವರ ಕಣ್ಣಿಗೆ ಅದು ಬೀಳುತ್ತದೆ. ದಾಖಲೆ ಸೇರಿಸುವ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ತಿದ್ದುಪಡಿ ಇನ್ನೊಂದಿಲ್ಲ.

ಮೂರು ತಾಲೂಕು ಸಿಗುತ್ತವೆ, ನಾಲ್ಕು ಸಿಗುವುದಿಲ್ಲ

ನಮ್ಮ ಜಿಲ್ಲೆಯಲ್ಲಿ ಏಳು ತಾಲೂಕು. ಸ್ಪೆಕ್‌ನಲ್ಲಿ ತಾಲೂಕು ಅನ್ನುವ ಕಿಂಡಿಗೆ ಏಳು ಹೆಸರಿನ ಎನಮ್ ಪಟ್ಟಿ ಕೊಟ್ಟಿದ್ದೆವು, ಕನ್ನಡದಲ್ಲೇ. ಒಂದು ದಿನ ಹೊಸ ಕಡೆಯಿಂದ ಬಂದ ಫೈಲನ್ನು ಸೇರಿಸಿದ ಮೇಲೆ ಸಾಗರ, ಭದ್ರಾವತಿ, ಶಿಕಾರಿಪುರ ಸರಿಯಾಗಿ ಬಂದವು. ಶಿವಮೊಗ್ಗ, ತೀರ್ಥಹಳ್ಳಿ, ಸೊರಬ, ಹೊಸನಗರ ಬರಲಿಲ್ಲ. ‘ಪಟ್ಟಿಯಲ್ಲಿ ಇಲ್ಲದ ಹೆಸರು’ ಅಂತ ಕ್ಲೈಂಟ್ ತಕರಾರು. ಪಟ್ಟಿಯಲ್ಲಿ ಹೆಸರು ಇದೆ, ಕಣ್ಣಿಗೆ ಕಾಣುತ್ತಿದೆ! ಕಾಪಿ ಮಾಡಿ ಪಕ್ಕದಲ್ಲಿ ಇಟ್ಟರೂ ಒಂದು ಚುಕ್ಕೆ ವ್ಯತ್ಯಾಸ ಇಲ್ಲ.

ಇಂಥ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ: ಬಿದ್ದ ನಾಲ್ಕರಲ್ಲಿ ಇದ್ದು, ಉಳಿದ ಮೂರರಲ್ಲಿ ಇಲ್ಲದ್ದು ಏನು? ಊರಿನ ಗಾತ್ರ ಅಲ್ಲ, ಹೆಸರಿನ ಉದ್ದ ಅಲ್ಲ. ಶಿವಮೊಗ್ಗದಲ್ಲಿ ‘ಮೊ’, ಸೊರಬದಲ್ಲಿ ‘ಸೊ’, ಹೊಸನಗರದಲ್ಲಿ ‘ಹೊ’, ತೀರ್ಥಹಳ್ಳಿಯಲ್ಲಿ ‘ತೀ’. ಕೊಂಬು ಮತ್ತು ದೀರ್ಘದಲ್ಲಿ ಏನೋ ಇದೆ ಅಂತ ಆಗ ಹೊಳೆಯಿತು.

ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಪದ್ಧತಿ) ಕನ್ನಡದ ಐದು ಸ್ವರ ಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು: ಈ, ಏ, ಐ, ಒ, ಓ ಇವುಗಳ ಚಿಹ್ನೆಗಳು. ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ತುಂಡು ತುಂಡಾಗಿ. ‘ತೀ’ಯ ದೀರ್ಘ ಚಿಹ್ನೆ ಒಂದು ಸಂಕೇತವೂ ಆಗಬಹುದು, ಗುಡಿಸು ಒಂದು, ಅದರ ಮೇಲೆ ದೀರ್ಘದ ಗುರುತು ಒಂದು ಹೀಗೆ ಎರಡೂ ಆಗಬಹುದು. ತೆರೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ‘ಸೊರಬ’ ಒಂದು ರೀತಿಯಲ್ಲಿ 4 ಸಂಕೇತ, ಇನ್ನೊಂದರಲ್ಲಿ 5. ‘ತೀರ್ಥಹಳ್ಳಿ’ 10 ಅಥವಾ 11. ‘ಸಾಗರ’ ಹೇಗೆ ಬರೆದರೂ 4. ನಮಗೆ ಬಂದ ಫೈಲ್ ತುಂಡು ಮಾಡಿದ ರೂಪದಲ್ಲಿತ್ತು. ನಮ್ಮ ಎನಮ್ ಕೂಡಿಸಿದ ರೂಪದಲ್ಲಿತ್ತು. ಎನಮ್ ಹೋಲಿಸುವುದು ಸಂಕೇತಕ್ಕೆ ಸಂಕೇತ ಇಟ್ಟು. ಹಾಗಾಗಿ ಹೊಂದಲಿಲ್ಲ.

ಪತ್ತೆ ಮಾಡುವುದು ಸುಲಭ. ಎರಡೂ ಪಠ್ಯದ ಉದ್ದವನ್ನು ಪ್ರೋಗ್ರಾಮ್‌ನಲ್ಲಿ ಎಣಿಸಿ. ನೋಡಲು ಒಂದೇ ಇದ್ದು ಉದ್ದ ಬೇರೆ ಬಂದರೆ ಇದೇ ಕಾರಣ, ಇಲ್ಲವೇ ಕಾಣದ ಅಕ್ಷರ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ನಡುವೆ ಒಂದು ಕಾಣದ ಅಕ್ಷರ ಇಡುತ್ತೇವೆ ಅಲ್ವಾ, ಅದು. ತಿದ್ದುವುದಕ್ಕೆ, ದಾಖಲೆ ಒಳಗೆ ಬರುವ ಬಾಗಿಲಲ್ಲೇ ಎಲ್ಲವನ್ನೂ ಎನ್‌ಎಫ್‌ಸಿ ಅನ್ನುವ ಕೂಡಿಸಿದ ರೂಪಕ್ಕೆ ತನ್ನಿ. ಹುಡುಕುವ ಪದವನ್ನೂ ಅದೇ ರೂಪಕ್ಕೆ ತನ್ನಿ. ಒಂದು ಕಡೆ ಮಾತ್ರ ಮಾಡಿದರೆ ದೋಷ ಜಾಗ ಬದಲಾಯಿಸುತ್ತದೆ ಅಷ್ಟೇ. ಆ ಕಾಣದ ಅಕ್ಷರವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಅದಕ್ಕೆ ಬೇರೆಯಾಗಿ ಏರ್ಪಾಟು ಮಾಡಬೇಕು.

ಇಷ್ಟೆಲ್ಲ ಆದ ಮೇಲೆ ನನ್ನ ಅಭಿಪ್ರಾಯವೂ ಬದಲಾಯಿತು. ಓದುವ ಹೆಸರನ್ನು ಎನಮ್‌ನಲ್ಲಿ ಇಡಲೇಬಾರದು. ಊರಿನ ಹೆಸರಿನ ಬರವಣಿಗೆ ಬದಲಾಗುತ್ತದೆ. 2014ರ ನವೆಂಬರ್ 1ರಂದು ನಮ್ಮ ಜಿಲ್ಲೆಯ ಹೆಸರಿನ ಇಂಗ್ಲಿಷ್ ಬರವಣಿಗೆಯೇ ಶಿಮೊಗಾದಿಂದ ಶಿವಮೊಗ್ಗ ಆಯಿತು. ಹಳೆಯ ದಾಖಲೆಗಳಲ್ಲಿ ಇನ್ನೂ ಹಳೆಯದೇ ಇದೆ. ಎನಮ್‌ಗೆ ಬದಲಾಗದ ಒಂದು ಸಂಕೇತ ಸಂಖ್ಯೆ ಕೊಡಿ. ಹೆಸರು ಬೇರೆ ಕಿಂಡಿಯಲ್ಲಿ ಇರಲಿ.

ಕನ್ನಡದಲ್ಲಿ ಹುಡುಕಿದರೆ ಮಾತ್ರ ತಪ್ಪು ಅನ್ನುತ್ತದೆ

ಮೇಲಿನದರ ನೆಂಟ ಇದು. ಹುಡುಕುವ ಪದಕ್ಕೆ ಸ್ಪೆಕ್‌ನಲ್ಲಿ ಒಂದು ‘ಪ್ಯಾಟರ್ನ್’ (ಪಠ್ಯ ಹೇಗಿರಬೇಕು ಅನ್ನುವ ಅಚ್ಚು) ಹಾಕಿರುತ್ತಾರೆ: ಅಕ್ಷರ, ಅಂಕಿ ಮಾತ್ರ ಇರಲಿ ಅಂತ. ಉದ್ದೇಶ ಒಳ್ಳೆಯದೇ. ಆದರೆ ಜೇಸನ್ ಸ್ಕೀಮಾ (ಓಪನ್‌ಎಪಿಐ ಬಳಸುವ ವಿವರಣೆಯ ಭಾಷೆ) ಅನುಸರಿಸುವ ಜಾವಾಸ್ಕ್ರಿಪ್ಟ್ ಮಾದರಿಯಲ್ಲಿ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’ ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟೇ. ‘ಅಡಿಕೆ’ಯಲ್ಲಿ ಒಂದು ಅಕ್ಷರವೂ ಅದಕ್ಕೆ ಹೊಂದುವುದಿಲ್ಲ. ಕೋರಿಕೆ ಎಂಜಿನ್‌ಗೆ ಹೋಗುವ ಮೊದಲೇ ಕ್ಲೈಂಟ್‌ನಲ್ಲಿ ನಿಲ್ಲುತ್ತದೆ. ಸರ್ವರ್ ಲಾಗ್‌ನಲ್ಲಿ ಏನೂ ಇರುವುದಿಲ್ಲ. ಲಾಗ್ ಖಾಲಿ ಇದೆ ಅನ್ನುವುದೇ ಇಲ್ಲಿ ದೊಡ್ಡ ಸುಳಿವು.

‘ಯಾವ ಭಾಷೆಯ ಅಕ್ಷರವಾದರೂ ಸರಿ’ ಅನ್ನುವ ಯೂನಿಕೋಡ್ ವರ್ಗ ಹಾಕಿ ನಾವು ಒಮ್ಮೆ ತಿದ್ದಿದೆವು. ‘ಬರ’ ಸಿಕ್ಕಿತು, ‘ಅಡಿಕೆ’ ಸಿಗಲಿಲ್ಲ. ಗುಡಿಸು, ಕೊಂಬು, ಒತ್ತಕ್ಷರಕ್ಕೆ ಬೇಕಾದ ಹಲಂತ ಇವೆಲ್ಲ ಯೂನಿಕೋಡ್ ಲೆಕ್ಕದಲ್ಲಿ ಅಕ್ಷರ ಅಲ್ಲ, ಗುರುತುಗಳು. ಆ ವರ್ಗವನ್ನೂ ಸೇರಿಸಬೇಕು. ಆದರೂ ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳು ಈ ವರ್ಗಗಳನ್ನು ಒಂದೇ ರೀತಿ ಓದುವುದಿಲ್ಲ. ಹುಡುಕುವ ಪೆಟ್ಟಿಗೆಗೆ ಪ್ಯಾಟರ್ನ್ ಹಾಕದಿರುವುದೇ ವಾಸಿ. ಉದ್ದಕ್ಕೆ ಮಿತಿ ಇಡಿ, ಸಾಕು.

ಆ ಮಿತಿಯನ್ನು ಧಾರಾಳವಾಗಿ ಇಡಿ. ‘ಅಡಿಕೆ’ ನಮಗೆ ಮೂರು ಅಕ್ಷರ. ಸ್ಪೆಕ್ ಎಣಿಸುವುದು ಸಂಕೇತಗಳನ್ನು, ಹಾಗಾಗಿ ಅದಕ್ಕೆ 5. ಯುಟಿಎಫ್-8 ಅನ್ನುವ ಉಳಿಸುವ ರೂಪದಲ್ಲಿ 15 ಬೈಟ್. ವಿಳಾಸದಲ್ಲಿ ಶೇಕಡಾ ಗುರುತು ಹಾಕಿ ಬರೆದಾಗ 45 ಅಕ್ಷರ. ಇಂಗ್ಲಿಷ್ ಪದ ನೋಡಿ ಮಿತಿ ಇಟ್ಟರೆ ಕನ್ನಡದ ಒಂದು ಸಾಲು ಪ್ರಶ್ನೆಯೂ ಹಿಡಿಸುವುದಿಲ್ಲ. ಪ್ರಶ್ನೆಯನ್ನು ಬಾಡಿಯಲ್ಲಿ ಕಳಿಸಲು ಇದೂ ಒಂದು ಕಾರಣ.

ಒಂದೇ ಮಾತಿಗೆ ಎರಡು ಆಕಾರ

ಈ ಎಂಜಿನ್‌ಗಳ ಪ್ರಶ್ನೆಗಳಲ್ಲಿ ಚುಟುಕು ರೂಪ ಮತ್ತು ಪೂರ್ಣ ರೂಪ ಎರಡೂ ನಡೆಯುತ್ತವೆ. ‘ಬಗೆ: ರಾಶಿ’ ಅಂತ ನೇರವಾಗಿ ಹೇಳಬಹುದು. ‘ಬಗೆ’ಯ ಒಳಗೆ ಮತ್ತೊಂದು ವಸ್ತು ಇಟ್ಟು, ಅದರಲ್ಲಿ ವ್ಯಾಲ್ಯೂ (ಹುಡುಕುವ ಪದ), ಬೂಸ್ಟ್ (ಅದಕ್ಕೆ ಕೊಡುವ ತೂಕ) ಅಂತಲೂ ಹೇಳಬಹುದು. ಸ್ಪೆಕ್‌ನಲ್ಲಿ ಇದಕ್ಕೆ ‘ಒನ್‌ಆಫ್’ ಅಥವಾ ‘ಎನಿಆಫ್’ ಬೇಕು. ಒನ್‌ಆಫ್ ಅಂದರೆ ಸರಿಯಾಗಿ ಒಂದಕ್ಕೆ ಮಾತ್ರ ಹೊಂದಬೇಕು. ಪೂರ್ಣಾಂಕ ಒಂದು, ಸಂಖ್ಯೆ ಒಂದು ಅಂತ ಎರಡು ಆಯ್ಕೆ ಕೊಟ್ಟು 5 ಕಳಿಸಿದರೆ ಅದು ಎರಡಕ್ಕೂ ಹೊಂದುತ್ತದೆ, ಹಾಗಾಗಿ ತಪ್ಪು! ಸಂದೇಹ ಇದ್ದರೆ ಎನಿಆಫ್ ಹಾಕಿ. ಇನ್ನೂ ಒಳ್ಳೆಯ ದಾರಿ, ನಿಮ್ಮ ಸ್ಪೆಕ್‌ನಲ್ಲಿ ಪೂರ್ಣ ರೂಪ ಒಂದನ್ನೇ ಬರೆಯುವುದು. ಎಂಜಿನ್ ಏನೆಲ್ಲ ತೆಗೆದುಕೊಳ್ಳುತ್ತದೋ ಅಷ್ಟನ್ನೂ ನೀವು ಹೇಳಬೇಕಾಗಿಲ್ಲ. ಕಳಿಸುವುದನ್ನು ಕಡಿಮೆ ಮಾಡಬಹುದು. ಬರುವುದನ್ನು ಮಾತ್ರ ಪೂರ್ತಿ ಹೇಳಲೇಬೇಕು.

ಬರುವುದರಲ್ಲೂ ಅಚ್ಚರಿ ಇದೆ. ಇಂಡೆಕ್ಸಿನ (ಎಂಜಿನ್‌ನಲ್ಲಿ ದಾಖಲೆಗಳನ್ನು ಇಡುವ ಸಂಗ್ರಹ) ಸೆಟ್ಟಿಂಗ್ಸ್ ಕೇಳಿದರೆ ಶಾರ್ಡ್‌ಗಳ ಸಂಖ್ಯೆ ಉದ್ಧರಣ ಚಿಹ್ನೆಯ ಒಳಗೆ, ಪಠ್ಯವಾಗಿ ಬರುತ್ತದೆ. ಕೊಡುವಾಗ ಸಂಖ್ಯೆ ಕೊಟ್ಟಿದ್ದರೂ ಅಷ್ಟೇ. ಕಳಿಸುವ ಆಕಾರ, ಬರುವ ಆಕಾರ ಎರಡಕ್ಕೂ ಒಂದೇ ಸ್ಕೀಮಾ ಬಳಸಿದರೆ ಇಲ್ಲಿ ಬೀಳುತ್ತೀರಿ.

ಅಗ್ರಿಗೇಶನ್ (ದಾಖಲೆಗಳನ್ನು ಗುಂಪು ಮಾಡಿ ಲೆಕ್ಕ ಹಾಕುವುದು) ವಿಷಯದಲ್ಲಿ ನಾನು ಸೋಲೊಪ್ಪಿಕೊಂಡಿದ್ದೇನೆ. ಕೇಳಿದ ಪ್ರಶ್ನೆಯ ಮೇಲೆ ಉತ್ತರದ ಆಕಾರ ಬದಲಾಗುತ್ತದೆ, ಕೀಲಿಗಳ ಹೆಸರು ಕೇಳುವವರೇ ಇಟ್ಟದ್ದು. ಇದನ್ನು ಓಪನ್‌ಎಪಿಐನಲ್ಲಿ ನಿಖರವಾಗಿ ಹೇಳಲು ಆಗುವುದಿಲ್ಲ. ‘ಟೈಪ್ಡ್ ಕೀಸ್’ ಕೇಳಿದರೆ ಕೀಲಿಯ ಮುಂದೆ ಬಗೆಯ ಹೆಸರು ಬರುತ್ತದೆ, ಅಷ್ಟು ನೆರವು. ಉಳಿದದ್ದನ್ನು ತೆರೆದ ವಸ್ತು ಅಂತ ಬಿಟ್ಟುಬಿಡಿ.

ಸಣ್ಣಪುಟ್ಟವು

ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಓಪನ್‌ಎಪಿಐನಲ್ಲಿ ವಿಳಾಸದ ನಡುವಿನ ತುಂಡು ಐಚ್ಛಿಕ ಆಗುವಂತಿಲ್ಲ. ಇಂಡೆಕ್ಸ್ ಹೆಸರು ಇರುವ ಹುಡುಕಾಟ, ಇಲ್ಲದ ಹುಡುಕಾಟ ಎರಡನ್ನೂ ಬೇರೆ ಬೇರೆ ವಿಳಾಸವಾಗಿ ಬರೆಯಿರಿ, ಎರಡಕ್ಕೂ ಬೇರೆ ಆಪರೇಶನ್ ಐಡಿ (ಗುರುತಿನ ಹೆಸರು) ಕೊಡಿ. ಸ್ಪೆಕ್ ಫೈಲ್ ಬರೆಯುವ ಯಾಮಲ್ ರೂಪದಲ್ಲಿ 1.10 ಅಂತ ಆವೃತ್ತಿ ಬರೆದರೆ ಅದು 1.1 ಆಗುತ್ತದೆ, ಉದ್ಧರಣ ಚಿಹ್ನೆ ಹಾಕಿ. ಹಳೆಯ ಯಾಮಲ್ ಓದುಗಗಳು ಇಂಗ್ಲಿಷಿನ ‘ನೋ’ ಅನ್ನುವ ಪದವನ್ನು ‘ಫಾಲ್ಸ್’ ಮಾಡುತ್ತವೆ, ಅದಕ್ಕೂ ಹಾಕಿ. ಜಾವಾಸ್ಕ್ರಿಪ್ಟ್ ಕ್ಲೈಂಟ್ ಇದ್ದರೆ 9007199254740991ಕ್ಕಿಂತ ದೊಡ್ಡ ಪೂರ್ಣಾಂಕಗಳ ಕೊನೆಯ ಅಂಕಿಗಳು ಕೆಡಬಹುದು. ದೊಡ್ಡ ಗುರುತು ಸಂಖ್ಯೆಗಳನ್ನು ಪಠ್ಯವಾಗಿಯೇ ಇಡಿ.

ಮತ್ತೆ ಅದೇ ದೋಷ ಬರದ ಹಾಗೆ

ಈಗ ನಾವು ಮಾಡುತ್ತಿರುವುದು ಇದು. ಪ್ರತಿ ದೋಷ ಸಿಕ್ಕಾಗಲೂ ಕರ್ಲ್‌ನಲ್ಲಿ ಉಳಿಸಿದ ಆ ಉತ್ತರವನ್ನು ಎಸೆಯುವುದಿಲ್ಲ. ಒಂದು ಫೋಲ್ಡರಿನಲ್ಲಿ ಇಡುತ್ತೇವೆ. ಜೋಡಿಸಿದ ಉತ್ತರ, ಏನೂ ಸಿಗದ ಉತ್ತರ, ನಾಲ್ಕು ದಾಖಲೆ ಸೇರದ ಬಲ್ಕ್ ಉತ್ತರ, ತುಂಡು ರೂಪದ ತೀರ್ಥಹಳ್ಳಿ ಎಲ್ಲವೂ ಅಲ್ಲಿವೆ. ಸ್ಪೆಕ್ ತಿದ್ದಿದಾಗಲೆಲ್ಲ ಅಷ್ಟೂ ಉತ್ತರಗಳನ್ನು ಸ್ಪೆಕ್ ಎದುರು ಓಡಿಸಿ ನೋಡುತ್ತೇವೆ. ಎಂಜಿನ್ ಆವೃತ್ತಿ ಏರಿಸಿದರೆ ಅವೇ ಕೋರಿಕೆಗಳನ್ನು ಮತ್ತೆ ಕಳಿಸಿ ಹೊಸ ಉತ್ತರ ಹಿಡಿಯುತ್ತೇವೆ.

ಕೈಯಲ್ಲಿ ಹೊಸದಾಗಿ ಬರೆಯುವ ಮೊದಲು ಎಂಜಿನ್‌ನವರೇ ಪ್ರಕಟಿಸಿದ ಸ್ಪೆಕ್ ನೋಡಿ. ಓಪನ್‌ಸರ್ಚ್‌ನವರದು ಓಪನ್‌ಎಪಿಐನಲ್ಲೇ ಇದೆ. ಎಲಾಸ್ಟಿಕ್‌ಸರ್ಚ್‌ನವರು ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದು, ಅದರಿಂದ ಉಳಿದದ್ದನ್ನು ತಯಾರಿಸುತ್ತಾರೆ. ಎರಡೂ ಬಯಲಲ್ಲೇ ಇವೆ. ಆದರೆ ಒಬ್ಬರದನ್ನು ಇನ್ನೊಬ್ಬರ ಎಂಜಿನ್‌ಗೆ ಹಾಕಬೇಡಿ, ಕವಲೊಡೆದು ವರ್ಷಗಳಾಗಿವೆ. ಇಡೀ ಫೈಲನ್ನೂ ಎತ್ತಿಕೊಳ್ಳಬೇಡಿ. ನಿಮ್ಮ ಆ್ಯಪ್ ಬಳಸುವ ಮೂರು ನಾಲ್ಕು ವಿಳಾಸಗಳ ಭಾಗ ಸಾಕು.

ಪರೀಕ್ಷೆ ಮಾಡುವಾಗ ‘ಹೇಳದ ಕೀಲಿ ಬಂದರೆ ತಪ್ಪು’ ಅಂತ ಬಿಗಿ ಮಾಡಿ. ಆಗ ಎಂಜಿನ್ ಹೊಸದಾಗಿ ಏನಾದರೂ ಸೇರಿಸಿದರೆ ಅದು ನಿಮಗೆ ಮೊದಲೇ ಗೊತ್ತಾಗುತ್ತದೆ. ಬೆಳೆಗಾರರ ಫೋನಿಗೆ ಹೋಗುವ ಕ್ಲೈಂಟ್‌ಗೆ ಅದೇ ಬಿಗಿ ಬೇಡ. ಅಲ್ಲಿ ಹೊಸ ಕೀಲಿ ಬಂದರೆ ಅದನ್ನು ಬಿಟ್ಟು ಮುಂದೆ ಹೋಗಲಿ. ನಾವು ಒಂದೇ ಸ್ಪೆಕ್‌ನಿಂದ ಈ ಎರಡೂ ಆವೃತ್ತಿಗಳನ್ನು ಬಿಲ್ಡ್ ಹೊತ್ತಿನಲ್ಲಿ ತಯಾರಿಸುತ್ತೇವೆ. ಬಿಗಿ ಮಾಡುವ ಒಂದು ಸಾಲನ್ನು ಸ್ಕ್ರಿಪ್ಟ್ ಸೇರಿಸುತ್ತದೆ, ಫೋನಿನ ಬಿಲ್ಡ್‌ನಲ್ಲಿ ಆ ಸಾಲು ಇರುವುದಿಲ್ಲ.